ಕುರಿಗೆ ಬಿಟ್ಟ ಕೋಣೆ

ಚಳಿ ಹಿಂದೆಗೆದು ಬಿಸಿಲು ಇನ್ನೂ ಬಲಿಯದ ಆ ಹದಿನೈದು ದಿನದೊಳಗೆ ಕುರಿಗಳ ಉಣ್ಣೆ ಇಳಿಸಿಬಿಡಬೇಕು. ಮೊದಲೇ ಇಳಿಸಿದರೆ ಬೆಳಗಿನ ಇಬ್ಬನಿಗೆ ಕುರಿ ನಡುಗಿ ಕೆಮ್ಮು ಹಿಡಿಸಿಕೊಳ್ಳುತ್ತದೆ. ತಡವಾದರೆ ಬೆವರು ಕೂತು ಉಣ್ಣೆ ಗಂಟುಗಂಟಾಗುತ್ತದೆ. ಎರಡು ದಿನ ಮುಂಚೆ ಹೊಳೆಯಲ್ಲಿ ತೊಳೆದು ಒಣಗಿಸಿದ ಕುರಿಗಳು ಬೇಲಿಯೊಳಗೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಕಿಟಕಿಯಕ್ಕ ಒಂದನ್ನು ಕೆಡವಿ, ಅದರ ಬೆನ್ನನ್ನು ತನ್ನ ಮೊಣಕಾಲಿಗೆ ಆನಿಸಿಕೊಂಡು, ಹೊಟ್ಟೆಯ ಕಡೆಯಿಂದ ಕತ್ತರಿ ಹಾಕಿದ್ದಳು. ಅವಳ ಕೈಯಲ್ಲಿ ಉಣ್ಣೆ ಚೂರುಚೂರಾಗಿ ಉದುರುತ್ತಿರಲಿಲ್ಲ. ಹಾಸಿಗೆಯ ಹೊದಿಕೆ ಸರಿಸಿದ ಹಾಗೆ ಇಡಿಯಾಗಿ ಒಂದೇ ಹಾಸಾಗಿ ಬಿಟ್ಟುಕೊಳ್ಳುತ್ತಿತ್ತು. ಬೇಲಿಯ ಆ ಬದಿಗೆ ಕೂತ ಅವಳ ತಮ್ಮ ಅರವತ್ತು ಹತ್ತಿರವಾದರೂ ಇನ್ನೂ ಪ್ರತಿ ಕುರಿಗೆ ಒಂದಾದರೂ ಗೀರು ಮಾಡಿ, ಬೂದಿ ಒತ್ತಿ, "ಸೊಳ್ಳೆ ಕಚ್ಚಿದ್ದು ಅಂದ್ಕೋ" ಎಂದು ಕುರಿಗೆ ಸಮಾಧಾನ ಹೇಳುತ್ತಿದ್ದ.

"ಅಕ್ಕಾ, ಬರ್ತಿದೆ ನೋಡು ಮೆರವಣಿಗೆ," ಎಂದ ಅವನು.

ರಸ್ತೆಯಿಂದ ಹುಲ್ಲುಗಾವಲಿಗೆ ಇಳಿಯುವ ದಾರಿಯಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಬರುತ್ತಿದ್ದ. ಹಿಟ್ಟಿನ ಗಿರಣಿ ಅವನದು. ಎಲ್ಲಿ ಹೋದರೂ ಹುಬ್ಬಿನ ಮೇಲೆ ಒಂದಿಷ್ಟು ಹಿಟ್ಟು ಇದ್ದೇ ಇರುತ್ತಿತ್ತು. ಅವನ ಹಿಂದೆ, ಕಳೆದ ವರ್ಷವಷ್ಟೇ ಊರಿಗೆ ಬಂದ ಟೀಚರ್, ಚಪ್ಪಲಿಗೆ ಹಿಕ್ಕೆ ತಾಗದ ಹಾಗೆ ಹೆಜ್ಜೆ ಆರಿಸಿಕೊಂಡು ಬರುತ್ತಿದ್ದಳು. ಎಳೆಯ ಹೆಣ್ಣು, ಮಾತಾಡುವಾಗ ಎದುರಿನವರ ಮುಖ ನೋಡುವವಳು.

"ಕೆಲಸದ ಹೊತ್ತಿಗೇ ಬಂದ್ವಿ ಅಕ್ಕಾ, ಬೈಕೋಬೇಡಿ," ಎಂದ ಗಿರಣಿಯವನು.

"ಬೈಯೋಕೂ ಪುರುಸೊತ್ತಿಲ್ಲ. ಹೇಳಿ."

ಹೇಳುವುದೇನು, ಅವಳಿಗೆ ಗೊತ್ತಿದ್ದದ್ದೇ. ಹಳೆಯ ಶಾಲೆಯ ಗೋಡೆ ಕಲ್ಲಿನದು, ಇನ್ನೂ ನೂರು ವರ್ಷ ಅಲುಗಾಡುವುದಿಲ್ಲ. ಆದರೆ ಒಂದು ದೊಡ್ಡ ಕೋಣೆ, ಒಂದು ಚಿಕ್ಕ ಕೋಣೆ, ಮುಂದೊಂದು ಜಗಲಿ, ಇಷ್ಟರಲ್ಲಿ ಐದು ತರಗತಿ ಕೂರಬೇಕು. ಒಂದನೆಯವರು ಮಗ್ಗಿ ಕೂಗಿದರೆ ಐದನೆಯವರ ಪಾಠ ಮುಳುಗುತ್ತಿತ್ತು. ಇಲಾಖೆಯವರು ಹೊಸ ಕಟ್ಟಡ ಕೊಡಲು ಒಪ್ಪಿದ್ದರು. ರಸ್ತೆ ಬದಿಯ ಸಮತಟ್ಟು ಜಾಗವನ್ನು ಮಾತ್ರ ಊರೇ ಒದಗಿಸಬೇಕು, ಅದೂ ಈ ತಿಂಗಳೊಳಗೆ. ಇಲ್ಲವಾದರೆ ಕಟ್ಟಡ ಪಕ್ಕದ ಊರಿನ ಪಾಲು. ಅಂಥ ಜಾಗ ಊರಿಗೆಲ್ಲ ಇದ್ದದ್ದು ಒಂದೇ, ಕಿಟಕಿಯಕ್ಕನ ಹುಲ್ಲುಗಾವಲು. ಅವಳಪ್ಪ ಸಾಯುವ ಮುಂಚೆ, ಕುರಿ ಸಾಕಿದವಳಿಗೇ ಹುಲ್ಲು ಸೇರಬೇಕೆಂದು ಅದನ್ನು ಮಗಳ ಹೆಸರಿಗೆ ಬರೆದು ಹೋಗಿದ್ದ.

"ಬದಲಿಗೆ ಕೆರೆಯಾಚೆ ಅಷ್ಟೇ ಜಾಗ ಬಿಟ್ಕೊಡ್ತೀವಿ," ಎಂದ ಗಿರಣಿಯವನು. "ಸ್ವಲ್ಪ ಕಲ್ಲು ಇದೆ, ಇಲ್ಲ ಅನ್ನಲ್ಲ. ಆದ್ರೆ ಹುಲ್ಲು..."

"ಕಲ್ಲಿನ ಮಧ್ಯೆ ಹುಲ್ಲು ಇದೆ. ನೋಡಿದ್ದೀನಿ."

ಟೀಚರ್ ಬಗ್ಗಿ, ಕೆಳಗೆ ಹಾಸಿದ್ದ ಉಣ್ಣೆಯನ್ನು ಬೆರಳ ತುದಿಯಿಂದ ಮುಟ್ಟಿದಳು. "ಅಕ್ಕಾ, ನಿಮ್ಮ ಮೊಮ್ಮಗಳು ನನ್ನ ತರಗತೀಲೇ ಇದ್ದಾಳೆ. ಜಾಗ ಸಾಲದೆ ಅವಳನ್ನ ನನ್ನ ಮೇಜಿನ ಕೆಳಗೆ ಕೂರಿಸ್ಕೊಂಡಿದ್ದೀನಿ. ಅಲ್ಲಿಂದ್ಲೇ ಎಲ್ಲರಿಗಿಂತ ಮೊದಲು ಉತ್ತರ ಹೇಳ್ತಾಳೆ."

ಕತ್ತರಿ ಒಂದು ಗಳಿಗೆ ನಿಂತಿತು. ಟೀಚರ್ ಹೇಳಿದ್ದು ತಮ್ಮನ ಮಗನ ಮಗಳ ವಿಷಯ. ಆ ಮಗು ಮನೆಯಲ್ಲೂ ಹಾಗೆಯೇ, ಒಲೆಯ ಮುಂದೆ ಕೂತು ಇಡೀ ದಿನದ ಪಾಠ ಒಪ್ಪಿಸುತ್ತಿತ್ತು.

"ಭಾನುವಾರ ಸಭೆ ಇದೆಯಲ್ಲ," ಎಂದಳು ಕಿಟಕಿಯಕ್ಕ, ಮತ್ತೆ ಕತ್ತರಿ ಆಡಿಸುತ್ತ. "ಅಲ್ಲೇ ಹೇಳ್ತೀನಿ."

ಅವರು ಹೋದ ಮೇಲೆ ತಮ್ಮ ಕೇಳಿದ: "ಕೊಡ್ತೀಯಾ?"

"ಕೊಡ್ಲಿ ಅಂತೀಯಾ, ಬೇಡ ಅಂತೀಯಾ?"

"ನಾನು ಏನಂದ್ರೂ ನೀನು ನಿನ್ನ ಲೆಕ್ಕಾನೇ ಮಾಡೋದು. ನನ್ನ ಬಾಯಿ ಯಾಕೆ ನೋಯಿಸ್ಕೊಳ್ಳಲಿ?"

ನಿಜ ಹೇಳಬೇಕೆಂದರೆ ಅವಳು ಆಗಲೇ ಕೊಟ್ಟಾಗಿತ್ತು. ಮೇಜಿನ ಕೆಳಗೆ ಕೂತ ಮಗು ಅವಳ ಕಣ್ಣ ಮುಂದೆ ಬಂದಾಗಲೇ ಕೊಟ್ಟಿದ್ದಳು. ಗಿರಣಿಯವನು ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಅವನಿಗೆ ಎಲ್ಲವನ್ನೂ ಎರಡು ಸಲ ಜರಡಿ ಹಿಡಿಯುವ ಅಭ್ಯಾಸ. ಇವಳು ನೇರ ಹೂಂ ಅನ್ನಲಿಲ್ಲವಲ್ಲ ಎಂಬ ಅಳುಕಿಗೆ, ಹಳೆಯ ಶಾಲೆಯಲ್ಲಿದ್ದ ದೊಡ್ಡ ಮೇಷ್ಟ್ರಿಂದ ಒಂದು ಮಾತು ಹೇಳಿಸಿಬಿಡೋಣ, ಗುರುಗಳ ಮಾತನ್ನು ಅವಳು ತೆಗೆದುಹಾಕಲಾರಳು ಎಂದು ಯೋಚಿಸಿ, ಸೀದಾ ಅವರ ಮನೆಗೆ ನಡೆದ.

*

ಅವಳನ್ನು ಕಿಟಕಿಯಕ್ಕ ಎಂದು ಯಾಕೆ ಕರೆಯುತ್ತಾರೆಂದು ಊರಿನ ಎಳೆಯರಿಗೆ ಗೊತ್ತಿರಲಿಲ್ಲ. ಮನೆಗೆ ಮೊದಲು ಗಾಜಿನ ಕಿಟಕಿ ಹಾಕಿಸಿದವಳು ಎಂದು ಕೆಲವರು, ಕಿಟಕಿಯಲ್ಲಿ ಇಣುಕಿ ಊರಿನ ಸುದ್ದಿ ತಿಳಿಯುವವಳು ಎಂದು ಕೆಲವರು ಹೇಳುತ್ತಿದ್ದರು. ಅವಳು ಯಾವುದನ್ನೂ ತಿದ್ದಿರಲಿಲ್ಲ.

ಅವಳಿಗೆ ಎಂಟು ವರ್ಷವಾದಾಗ ಅಪ್ಪ ಕೈ ಹಿಡಿದು ಶಾಲೆಗೆ ಕರೆದೊಯ್ದಿದ್ದ. ಬೆಳಿಗ್ಗೆ ಕುರಿಗಳನ್ನು ಗುಡ್ಡಕ್ಕೆ ಹೊಡೆದು, ಅಪ್ಪ ಬಂದು ಕೈ ಬದಲಿಸಿದ ಮೇಲೆ ಅವಳು ಓಡೋಡಿ ಶಾಲೆಗೆ ಬರಬೇಕು. ಮೈಗೆಲ್ಲ ಕುರಿಯ ವಾಸನೆ. ಎರಡನೆಯ ದಿನವೇ ಬೆಂಚಿನ ಮಕ್ಕಳು ಮೂಗು ಹಿಡಿದವು, ಮೂರನೆಯ ದಿನ ಅವುಗಳ ತಾಯಂದಿರು ಬಂದರು. ಆಗ ಮೇಷ್ಟ್ರು ಇನ್ನೂ ಮೂವತ್ತು ದಾಟದ ಯುವಕ. ಅವರು ಬೈಯಲಿಲ್ಲ, ಗದರಲಿಲ್ಲ. "ನೀನು ಜಗಲಿ ಮೇಲೆ ಕಿಟಕಿ ಹತ್ರ ಕೂತ್ಕೋ, ಗಾಳಿ ಚೆನ್ನಾಗಿರುತ್ತೆ," ಎಂದರು.

ಹಾಗೆ ಮೂರು ವರ್ಷ. ಕಿಟಕಿಯ ಸರಳಿನ ಸಂದಿಯಿಂದ ಕರಿಹಲಗೆಯ ಅರ್ಧ ಕಾಣುತ್ತಿತ್ತು, ಉಳಿದರ್ಧಕ್ಕೆ ಬಾಗಿಲ ಕದ ಅಡ್ಡ. ಲೆಕ್ಕದ ಪ್ರಶ್ನೆ ಕಾಣುತ್ತಿತ್ತು. ಉತ್ತರ ಬರೆಯುವ ಹೊತ್ತಿಗೆ ಸೀಮೆಸುಣ್ಣ ಕದದ ಹಿಂದೆ ಹೋಗುತ್ತಿತ್ತು. ಉತ್ತರವನ್ನು ತಾನೇ ಕಂಡುಕೊಳ್ಳುವುದು ಅವಳಿಗೆ ಹಾಗೆ ರೂಢಿಯಾಯಿತು. ಮಳೆ ಬಂದರೆ ಎರಚಲಿಗೆ ಪಾಟಿ ಅಳಿಸಿಹೋಗುತ್ತಿತ್ತು. ಅದನ್ನು ಅವಳು ಇಷ್ಟು ವರ್ಷದಲ್ಲಿ ಯಾವತ್ತೂ ದೊಡ್ಡದು ಮಾಡಿದವಳಲ್ಲ. ವಾಸನೆ ಇದ್ದದ್ದು ನಿಜ, ಕೂರಿಸಿದ್ದು ನಿಜ, ಕಲಿತದ್ದೂ ನಿಜ.

ದೊಡ್ಡದಾದದ್ದು ಬೇರೆ. ಮೂರನೆಯ ವರ್ಷ ಶಾಲೆಗೆ ಇನ್ಸ್‌ಪೆಕ್ಟರ್ ಬಂದರು. ನಗುಮುಖದ ಮನುಷ್ಯ, ಬಾಯಿಲೆಕ್ಕ ಕೇಳಿದರು: "ಒಂದು ಹಿಂಡು. ಕುರಿ, ಕಾಯೋರು ಎಲ್ಲ ಸೇರಿ ಇಪ್ಪತ್ತೆರಡು ತಲೆ, ಎಂಬತ್ತು ಕಾಲು. ಕಾಯೋರು ಎಷ್ಟು ಜನ?" ಒಳಗಿನ ಮಕ್ಕಳು ಇನ್ನೂ ಬೆರಳು ಮಡಚುತ್ತಿದ್ದವು. ಜಗಲಿಯಿಂದ ಇವಳು ಕೂಗಿದಳು: "ನಾಲ್ಕು ಜನ ಸಾರ್! ಆದ್ರೆ ಹದಿನೆಂಟು ಕುರಿಗೆ ನಾಲ್ಕು ಜನ ಯಾಕೆ ಸಾರ್? ಒಬ್ಬರು ಸಾಕು!"

ಇನ್ಸ್‌ಪೆಕ್ಟರ್ ಗಹಗಹಿಸಿ ನಕ್ಕು ಕಿಟಕಿಯ ಕಡೆ ತಿರುಗಿದರು. "ಯಾರದು?"

"ಯಾರೂ ಇಲ್ಲ ಸಾರ್," ಎಂದರು ಮೇಷ್ಟ್ರು. "ಕುರಿ ಕಾಯೋ ಹುಡುಗಿ. ದಾರೀಲಿ ಹೋಗ್ತಿದ್ದಾಳೆ."

ಅವಳು ದಾರಿಯಲ್ಲಿ ಹೋಗುತ್ತಿರಲಿಲ್ಲ. ಕೂತಿದ್ದಳು, ಮಡಿಲಲ್ಲಿ ಪಾಟಿ ಇತ್ತು. ಆದರೂ ಆ ಮಾತು ಕೇಳಿದ ಮೇಲೆ, ಅದನ್ನು ಸುಳ್ಳು ಮಾಡಬಾರದೆಂಬ ಹಾಗೆ, ಎದ್ದು ನಡೆದುಬಿಟ್ಟಳು. ಆ ವರ್ಷದ ಕೊನೆಗೆ, ಪಟ್ಟಣದ ಶಾಲೆಗೆ ಸೇರಿಸೋಣವೆಂದು ಅಪ್ಪ ಸರ್ಟಿಫಿಕೇಟು ಕೇಳಲು ಹೋದಾಗ ಮೇಷ್ಟ್ರು ಹಾಜರಿ ಪುಸ್ತಕ ಮಡಚಿಟ್ಟು ಹೇಳಿದ್ದರು: "ಬರೆಯದ ಹೆಸರಿಗೆ ಸರ್ಟಿಫಿಕೇಟು ಎಲ್ಲಿಂದ ತರಲಪ್ಪಾ? ಅವಳು ಬರ್ತಿದ್ಲು, ಹೋಗ್ತಿದ್ಲು, ಅಷ್ಟೇ."

ಮರುದಿನದಿಂದ ಅವಳು ಪೂರ್ತಿ ಕುರಿಗಳ ಹಿಂದೆ ಹೋದಳು. ನಲವತ್ತೆಂಟು ವರ್ಷ ಆಯಿತು.

*

ಭಾನುವಾರದ ಸಭೆ ಹಳೆಯ ಶಾಲೆಯ ದೊಡ್ಡ ಕೋಣೆಯಲ್ಲೇ. ಮಕ್ಕಳ ಬೆಂಚಿನ ಮೇಲೆ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತಿದ್ದರು. ದೊಡ್ಡ ಮೇಷ್ಟ್ರಿಗೆ ಮಾತ್ರ ಕೈಯಿರುವ ಕುರ್ಚಿ. ಎಪ್ಪತ್ತೆಂಟರ ಮುದುಕ, ಕಪ್ಪು ಕೋಟಿನ ಗುಂಡಿ ಕತ್ತಿನ ತನಕ ಹಾಕಿ, ಊರುಗೋಲನ್ನು ಎರಡು ಕಾಲ ನಡುವೆ ನೆಟ್ಟು ಕೂತಿದ್ದರು. ಕಿಟಕಿಯಕ್ಕ ಬಂದವಳು ಜಗಲಿಯಲ್ಲೇ ನಿಂತಳು.

"ಒಳಗೆ ಬನ್ನಿ ಅಕ್ಕಾ, ಜಾಗ ಮಾಡ್ತೀವಿ," ಎಂದಳು ಟೀಚರ್.

"ಬೇಡ. ಇಲ್ಲಿ ಚೆನ್ನಾಗಿ ಕೇಳ್ಸುತ್ತೆ."

ಹೊಸ ಶಾಲೆ ಬೇಕೆಂಬುದರಲ್ಲಿ ಜಗಳವಿರಲಿಲ್ಲ. ಜಗಳವೆಲ್ಲ ಹಳೆಯದನ್ನು ಏನು ಮಾಡುವುದೆಂಬುದರಲ್ಲಿ. ಹಾಲು ಶೇಖರಣೆಗೆ ಕೊಡಿ ಎಂದು ಹಸು ಇದ್ದವರು, ಗೊಬ್ಬರದ ಗೋದಾಮು ಮಾಡಿ ಎಂದು ಹೊಲ ಇದ್ದವರು. ಎರಡೂ ಇಲ್ಲದ ಸೈಕಲ್ ಅಂಗಡಿಯವನು, "ನನಗೆ ಕೊಡಿ, ಪಂಕ್ಚರ್ ಹಾಕೋದು ಮಳೇಲಿ ಕಷ್ಟ ಆಗ್ತಿದೆ," ಎಂದ. ಗಿರಣಿಯವನು ಎಲ್ಲದಕ್ಕೂ ತಲೆಯಾಡಿಸಿ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ. ಕೊನೆಗೆ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ತೆಗೆದ. ಈ ಕೋಣೆಯನ್ನು ವಾಚನಾಲಯ ಮಾಡುವುದು, ಬಾಗಿಲ ಮೇಲೆ ದೊಡ್ಡ ಮೇಷ್ಟ್ರ ಹೆಸರು, ಒಳಗೆ ಅವರ ಭಾವಚಿತ್ರ. ಮೂವತ್ತನಾಲ್ಕು ವರ್ಷ ಇಲ್ಲಿ ಪಾಠ ಹೇಳಿದವರಿಗೆ ಊರು ಅಷ್ಟಾದರೂ ಮಾಡಬೇಡವೇ?

ಚಪ್ಪಾಳೆ ಬಿತ್ತು. ಗಿರಣಿಯವನು ಬಗ್ಗಿ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿದ. ಮೇಷ್ಟ್ರು ನಿಧಾನವಾಗಿ ಎದ್ದರು. ದನಿ ಮಾತ್ರ ಮುದಿಯಾಗಿರಲಿಲ್ಲ.

"ಶಾಲೆ ಅಂದ್ರೆ ಗೋಡೆ ಅಲ್ಲ, ಮನಸ್ಸು," ಎಂದು ಶುರು ಮಾಡಿದರು. "ನನ್ನ ಕಾಲದಲ್ಲಿ ನಾನು ಯಾರಿಗೂ ಇಲ್ಲ ಅಂದೋನಲ್ಲ. ಅದಕ್ಕೆ ಸಾಕ್ಷಿ ಅಲ್ಲಿ ನಿಂತಿದ್ದಾಳೆ ನೋಡಿ. ಕುರಿ ಕಾಯೋ ಹುಡುಗಿ! ಊರವರು ಬೇಡ ಅಂದ್ರು. ನಾನು ಬಿಡ್ಲಿಲ್ಲ. ಕಿಟಕಿ ಹತ್ರ ಕೂರಿಸಿ ಅಕ್ಷರ ಕಲಿಸ್ದೆ. ಅವಳು ಈ ಶಾಲೆಯ ವಿದ್ಯಾರ್ಥಿನಿ, ನನ್ನ ಹೆಮ್ಮೆಯ ವಿದ್ಯಾರ್ಥಿನಿ. ಇವತ್ತು ಶಾಲೆಗೆ ಜಾಗ ಕೊಟ್ಟು ಋಣ ತೀರಿಸ್ತಾಳೆ ಅಂತ ನನಗೆ ನಂಬಿಕೆ ಇದೆ."

ಈ ಸಲದ ಚಪ್ಪಾಳೆ ಇನ್ನೂ ಜೋರು. ಬೆಂಚಿನವರೆಲ್ಲ ಕತ್ತು ಹೊರಳಿಸಿ ಕಿಟಕಿಯ ಕಡೆ ನೋಡಿದರು. ಅವಳ ತಮ್ಮ ಮಾತ್ರ ನೋಡಲಿಲ್ಲ. ಕೆಳಗೆ ನೋಡುತ್ತ, "ಹಾಳಾಯ್ತು," ಎಂದ ಮೆಲ್ಲಗೆ.

ಕಿಟಕಿಯಕ್ಕ ಚಪ್ಪಾಳೆ ನಿಲ್ಲುವ ತನಕ ಕಾದಳು. ಮೈಯ ಒಳಗೆ ಯಾವುದೋ ಹಳೆಯ ಗಾಯದ ಹಕ್ಕಳೆಯನ್ನು ಉಗುರಿನಿಂದ ಎತ್ತಿದ ಹಾಗಾಗಿತ್ತು; ಉರಿಯ ಜೊತೆಗೆ ಒಂದು ಬಗೆಯ ಹಿತವೂ ಇತ್ತು. ಇಷ್ಟು ವರ್ಷ ಅವಳು ಆ ಮುದುಕ ಮರೆತಿದ್ದಾನೆ ಎಂದುಕೊಂಡಿದ್ದಳು. ಮರೆತಿದ್ದರೆ ಬಿಡಬಹುದಿತ್ತು. ಇವನು ಅದನ್ನು ತೊಳೆದು, ಇಸ್ತ್ರಿ ಮಾಡಿ, ಹಬ್ಬಕ್ಕೆ ಉಡುವ ಬಟ್ಟೆಯ ಹಾಗೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ.

"ಟೀಚರ್," ಎಂದಳು ಸರಳಿನ ಆಚೆಯಿಂದ. "ಹಳೇ ಹಾಜರಿ ಪುಸ್ತಕ ಇವೆಯಾ?"

"ಬೀರುವಲ್ಲಿವೆ ಅಕ್ಕಾ. ಎಲ್ಲಾ ವರ್ಷದ್ದೂ ಇವೆ."

"ಒಂದು ಉಪಕಾರ ಮಾಡಿ. ಇನ್ಸ್‌ಪೆಕ್ಟರ್ ಬಂದು ಹೋದ ವರ್ಷ, ಅದರ ಹಿಂದಿನದು, ಅದರ ಹಿಂದಿನದು. ಮೂರು ತನ್ನಿ. ನನ್ನ ಹೆಸರು ಎಲ್ಲಿದೆ ನೋಡಿ ಓದಿಬಿಡಿ. ಮೇಷ್ಟ್ರ ಹೆಮ್ಮೆ ಎಲ್ಲರಿಗೂ ಕೇಳಲಿ."

ಅವಳು ವರ್ಷಗಳನ್ನು ಹೇಳಿದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ಹಳದಿಯಾದ ಉದ್ದನೆಯ ಪುಸ್ತಕಗಳನ್ನು ಟೀಚರ್ ಮೇಜಿನ ಮೇಲೆ ಹರಡಿ, ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿದಳು. ಒಂದು ಮುಗಿಯಿತು. ಎರಡನೆಯದನ್ನು ಎರಡು ಸಲ ನೋಡಿದಳು. ಮೂರನೆಯದರ ಅರ್ಧಕ್ಕೆ ಬಂದಾಗ ಅವಳ ಕಿವಿ ಕೆಂಪಾಗಿತ್ತು.

"ಇಲ್ಲ," ಎಂದಳು ಟೀಚರ್.

"ಹಿಂದಿನ ಹಾಳೆ ನೋಡಿ," ಎಂದರು ಮೇಷ್ಟ್ರು. "ಇರ್ಲೇಬೇಕು. ನಾನೇ ಕೂರಿಸಿದ್ದು..."

"ಕೂರಿಸಿದ್ರಿ. ಬರ್ಕೊಳ್ಳಲಿಲ್ಲ," ಎಂದಳು ಕಿಟಕಿಯಕ್ಕ. "ನಾನು ಈ ಶಾಲೆಯವಳಲ್ಲ ಅಂತ ನಿಮ್ಮ ಪುಸ್ತಕಾನೇ ಹೇಳ್ತಿದೆ. ಶಾಲೆಯವಳಲ್ಲದ ಮೇಲೆ ಋಣ ಎಲ್ಲಿಂದ ಬಂತು? ಇರಲಿ. ಹುಲ್ಲುಗಾವಲು ಕೊಡ್ತೀನಿ. ಮಕ್ಕಳಿಗೆ ಕೊಡ್ತೀನಿ, ನಿಮಗಲ್ಲ. ಕೆರೆಯಾಚೆಯ ಜಾಗ ನನಗೆ ಬೇಡ."

ಗಿರಣಿಯವನ ಮುಖ ಅರಳಿತು. "ಮತ್ತೆ ಬದಲಿಗೆ?"

"ಈ ಕಟ್ಟಡ."

"ಯಾವುದಕ್ಕೆ ಅಕ್ಕಾ?"

"ಕುರಿಗೆ."

ಅರೆಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೇ ಅರ್ಥವಾಗಿ ಕೋಣೆ ಗದ್ದಲವಾಯಿತು. ಹತ್ತು ಜನ, ಹತ್ತು ಬಾಯಿ. ಸೈಕಲ್ ಅಂಗಡಿಯವನು ಬೆಂಚಿನ ಮೇಲೆ ನಿಂತು ಕೂಗಿದ: "ಕುರಿಗೂ ಅಡ್ಮಿಷನ್ ಬೇಕೇನಕ್ಕಾ?"

"ಬೇಕು," ಎಂದಳು ಅವಳು. "ಈ ಸಲ ಹೆಸರು ಬರ್ಕೊಂಡೇ ಸೇರಿಸ್ಕೊಳ್ಳಿ."

ನಕ್ಕವರು ನಡುವೆಯೇ ನಗು ನಿಲ್ಲಿಸಿದರು. ಮೇಷ್ಟ್ರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಅಕ್ಷರ ಕಲಿಸಿದ ಜಾಗ ಇದು! ಇಲ್ಲಿ ಕುರಿ ಕೂಡೋದೇ? ಹಿಕ್ಕೆ, ಉಚ್ಚೆ... ಇದರ ವಾಸನೆ ಗೋಡೆಗೆ ಹತ್ತಿದ್ರೆ ಮತ್ತೆ ಹೋಗುತ್ತಾ?"

"ಹೋಗಲ್ಲ ಮೇಷ್ಟ್ರೇ. ಅದಕ್ಕೇ ಕೇಳ್ತಿರೋದು."

ಆಮೇಲಿನ ಒಂದು ಗಂಟೆಯ ಮಾತನ್ನು ಊರು ಬಹುಕಾಲ ನೆನೆಸಿಕೊಂಡಿತು. ಗುರುದ್ರೋಹ ಎಂದರು ಕೆಲವರು. ಹೊಟ್ಟೆಯೊಳಗೆ ಇಷ್ಟು ವರ್ಷ ಇಟ್ಟುಕೊಂಡಿದ್ದಳಲ್ಲ, ಹೆಂಗಸಿನ ಗಟ್ಟಿತನ ನೋಡು ಎಂದರು ಕೆಲವರು. ಹಾಲಿನವರಿಗೂ ಗೊಬ್ಬರದವರಿಗೂ ತಮಗೆ ಸಿಗದ್ದು ಮೇಷ್ಟ್ರಿಗೂ ಸಿಗಲಿಲ್ಲವಲ್ಲ ಎಂಬ ಸಣ್ಣ ಖುಷಿ ಒಳಗೊಳಗೇ ಇತ್ತು. ಗಿರಣಿಯವನು ಬೆವರು ಒರೆಸಿಕೊಂಡು ಹಿಟ್ಟನ್ನು ಮುಖಕ್ಕೆಲ್ಲ ಹಚ್ಚಿಕೊಂಡ. ಕೈ ಎತ್ತುವ ಹೊತ್ತು ಬಂದಾಗ ಮಕ್ಕಳಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಕೈ ಎತ್ತಿದರು. ತಿಂಗಳು ಮುಗಿಯಲು ಆರೇ ದಿನ ಉಳಿದಿತ್ತು.

ಮೇಷ್ಟ್ರು ಕೈಯಿರುವ ಕುರ್ಚಿಯಲ್ಲಿ ಕೂತು ಎತ್ತಿದ ಕೈಗಳನ್ನು ಒಂದೊಂದಾಗಿ ನೋಡಿದರು. ಹೆಚ್ಚಿನವು ಅವರು ಬರೆಯಲು ಕಲಿಸಿದ ಕೈಗಳೇ.

*

ಸಂಜೆ ಟೀಚರ್ ಒಬ್ಬಳೇ ಬಂದಳು. ಕಿಟಕಿಯಕ್ಕ ಉಣ್ಣೆಯನ್ನು ಬಣ್ಣದಂತೆ ಬೇರೆ ಮಾಡುತ್ತಿದ್ದಳು, ಕರಿಯದು ಒಂದು ಕಡೆ, ಬಿಳಿಯದು ಒಂದು ಕಡೆ, ಎರಡೂ ಅಲ್ಲದ್ದು ಕಾಲ ಬುಡದಲ್ಲಿ.

"ನಿಮ್ಮ ಸಿಟ್ಟು ಮೇಷ್ಟ್ರ ಮೇಲೆ ಅಕ್ಕಾ," ಎಂದಳು ಟೀಚರ್. "ಪುಸ್ತಕದ ಮೇಲಲ್ವಲ್ಲ. ವಾಚನಾಲಯ ಅಂತ ಒಂದು ಆಗಿದ್ರೆ ಹುಡುಗೀರು ಬಂದು ಕೂತ್ಕೊಳ್ತಿದ್ರು."

"ಹೊಸದರಲ್ಲಿ ಒಂದು ಕೋಣೆ ಜಾಸ್ತಿ ಕಟ್ಟಿಸಿ. ಜಾಗ ಸಾಲದಿದ್ರೆ ಬೇಲಿ ಇನ್ನಷ್ಟು ಹಿಂದಕ್ಕೆ ಹಾಕ್ಕೊಳ್ಳಿ."

"ಆ ಕೋಣೆಗೆ ಮೇಷ್ಟ್ರ ಹೆಸರಿಡಬಹುದಾ?"

ಕಿಟಕಿಯಕ್ಕ ತಲೆ ಎತ್ತಿ ಅವಳ ಮುಖ ನೋಡಿದಳು. ಹುಡುಗಿ ಹೆದರಿದ್ದಳು, ಆದರೂ ಕೇಳಿದ್ದಳು.

"ಪುಸ್ತಕಕ್ಕೆ ಹೆಸರು ಇರುತ್ತಲ್ಲ ಟೀಚರ್. ಕೋಣೆಗೆ ಯಾಕೆ?"

ಟೀಚರ್ ಹೋದ ಮೇಲೆ ತಮ್ಮ ಒಲೆಯ ಬಳಿಯಿಂದಲೇ ಮಾತಿಗೆ ಬಂದ. "ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಹತ್ತಲ್ಲ ಅಕ್ಕಾ. ಊರಲ್ಲೇ ಒಳ್ಳೇ ಹುಲ್ಲು ಕೊಟ್ಟು ಕಲ್ಲಿನ ಗೋಡೆ ತಗೊಂಡೆ. ನಾಳೆ ಮೇವಿಗೆ ಗುಡ್ಡ ಹತ್ತೋಳು ನೀನೇ."

"ಹತ್ತುತ್ತೀನಿ."

"ಮೊಣಕಾಲು?"

"ಅದೂ ಜೊತೇಲೇ ಬರುತ್ತೆ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, "ಸರ್ಟಿಫಿಕೇಟು ಕೇಳೋಕೆ ಹೋದ ದಿನ ಅಪ್ಪ ಶಾಲೆಯಿಂದ ಬಂದದ್ದು ನೆನಪಿದೆಯಾ?" ಎಂದ. "ಸೀದಾ ಹೋಗಿ ಕುರಿ ಕುಂಟೋದು ನೋಡ್ತಾ ಕೂತ. ಯಾವ ಕುರೀನೂ ಕುಂಟ್ತಿರಲಿಲ್ಲ."

ಅವಳಿಗೆ ನೆನಪಿತ್ತು.

*

ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಶಾಲೆಯ ಗೋಡೆಗೆ ಬಣ್ಣವೂ ಆಯಿತು. ಏಳು ಕೋಣೆ, ಪ್ರತಿಯೊಂದಕ್ಕೂ ಎರಡು ಕಡೆ ಬೆಳಕು. ಮೊಮ್ಮಗಳು ಮೇಜಿನ ಕೆಳಗಿನಿಂದ ಎದ್ದು ಬೆಂಚಿಗೆ ಹೋದಳು. ಹಳೆಯ ಶಾಲೆಯ ಬೀರು, ಬೆಂಚು, ಗಂಟೆ ಎಲ್ಲ ಎತ್ತಿನ ಗಾಡಿಯಲ್ಲಿ ಹೊರಟವು. ಗೋಡೆಗೆ ಗಾರೆ ಹಾಕಿ ಕೂರಿಸಿದ್ದ ಕರಿಹಲಗೆ ಮಾತ್ರ ಬರಲಿಲ್ಲ. ಅದನ್ನು ಅಲ್ಲೇ ಬಿಟ್ಟರು.

ದೊಡ್ಡ ಮೇಷ್ಟ್ರು ಹೊಸ ಶಾಲೆಯ ಪ್ರಾರಂಭಕ್ಕೆ ಹೋಗಲಿಲ್ಲ. ಅವರಿಗೆ ಹೊಸದೊಂದು ಅಭ್ಯಾಸ ಹತ್ತಿತ್ತು. ದಿನವೂ ಮಧ್ಯಾಹ್ನದ ಮೇಲೆ ಊರುಗೋಲು ಊರಿಕೊಂಡು ಹಳೆಯ ಶಾಲೆಯ ಜಗಲಿಗೆ ಬಂದು ಕೂತು, ಬಿಸಿಲು ಇಳಿದ ಮೇಲೆ ಎದ್ದು ಹೋಗುತ್ತಿದ್ದರು. ಯಾರಾದರೂ ಮಾತಾಡಿಸಿದರೆ, "ಕಾಲಿಗೆ ವ್ಯಾಯಾಮ," ಎನ್ನುತ್ತಿದ್ದರು. ಕಿಟಕಿಯಕ್ಕ ಆ ದಿನಗಳಲ್ಲಿ ಅಲ್ಲಿಗೆ ಮೇವು ಸಾಗಿಸುತ್ತಿದ್ದಳು. ಹೊರೆಯನ್ನು ಜಗಲಿಯ ಮೇಲೆ ಕೆಡವಿದರೆ ತಮ್ಮ ಒಳಗೆ ಒಯ್ದು ಒಟ್ಟುತ್ತಿದ್ದ. ಅವಳೂ ಮೇಷ್ಟ್ರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಮಾತಿಲ್ಲ. ಅವರು ನೋಡುತ್ತಾರೆಂಬುದೇ ಅವಳಿಗೆ ಸಾಕಾಗಿತ್ತು. ಹೊರೆಯ ಭಾರ ಕೂಡ ಆಗ ಹಗುರ ಅನಿಸುತ್ತಿತ್ತು. ಮೊಣಕಾಲು ಮಾತ್ರ ರಾತ್ರಿ ಲೆಕ್ಕ ಕೇಳುತ್ತಿತ್ತು.

ಚಳಿ ಮತ್ತೆ ಬೀಳಲು ಶುರುವಾದ ಒಂದು ದಿನ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಅಕ್ಕ ತಮ್ಮ ಹಿಂಡನ್ನು ಹಳೆಯ ಶಾಲೆಯ ಅಂಗಳಕ್ಕೆ ತಂದರು. ಮುಂದೆ ಅವಳು, ಹಿಂದೆ ಅವನು. ಕುರಿಗಳು ಜಗಲಿ ಏರಿದವು, ಬಾಗಿಲ ತನಕ ಬಂದವು, ಅಲ್ಲಿ ನಿಂತವು. ಒಳಗೆ ಕತ್ತಲು. ಮುಂದಿನ ಹಿರಿ ಕುರಿ ಹೊಸ್ತಿಲನ್ನು ಮೂಸಿ ಹಿಂದಕ್ಕೆ ಸರಿಯಿತು. ಹಿಂದಿನವು ಅದರ ಮೈಗೆ ಒತ್ತಿದವು. ಆದರೂ ಅದು ಕಾಲೆತ್ತಿ ಇಡಲಿಲ್ಲ.

"ಹೂಂ, ಹೋಗು!" ಎಂದು ತಮ್ಮ ಹಿಂದಿನಿಂದ ಕೂಗಿದ. ಕೋಲು ಆಡಿಸಿದ. ಒಂದು ಮರಿ ಹೆದರಿ ಜಗಲಿಯಿಂದ ಕೆಳಕ್ಕೆ ಹಾರಿತು.

"ಹೊಡೀಬೇಡ," ಎಂದಳು ಅವಳು.

"ಹೊಡೆದ್ರೂ ಹೋಗಲ್ಲ ಇವು. ಗೊತ್ತಿಲ್ಲದ ಜಾಗಕ್ಕೆ ನೀನು ಮುಂದೆ ಕಾಲಿಡದೆ ಯಾವತ್ತು ಹೋಗಿವೆ? ನೀನು ಒಳಗೆ ಹೋಗಕ್ಕಾ."

ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ಹೊಳೆ ದಾಟಿಸುವಾಗಲೂ, ಹೊಸ ಗುಡ್ಡಕ್ಕೆ ಒಯ್ಯುವಾಗಲೂ ಅವಳೇ ಮೊದಲು. ಆದರೆ ಗೋಡೆ ಕೇಳಿದ್ದಳು, ಜಾಗ ಬಿಟ್ಟಿದ್ದಳು, ಮೇವು ಹೊತ್ತಿದ್ದಳು. ಇದೊಂದನ್ನು ಮಾತ್ರ ಯೋಚಿಸಿರಲಿಲ್ಲ. ಇಡೀ ಬದುಕಿನಲ್ಲಿ ಆ ಕೋಣೆಗೆ ಅವಳು ಕಾಲಿಟ್ಟಿದ್ದದ್ದು ಎಂಟನೆಯ ವಯಸ್ಸಿನ ಆ ಮೂರು ದಿನ ಮಾತ್ರ. ಅವಳು ಬಾಗಿಲ ಮುಂದೆ ಸುಮ್ಮನೆ ನಿಂತಳು. ಕುರಿಗಳೂ ನಿಂತವು.

ಜಗಲಿಯ ಮೂಲೆಯಲ್ಲಿ ಕೂತಿದ್ದ ಮೇಷ್ಟ್ರು ಆಗ ಎದ್ದರು. ಗೋಡೆ ಹಿಡಿದು, ಕುರಿಗಳ ಸಂದಿಯಲ್ಲಿ ಊರುಗೋಲಿಗೆ ಜಾಗ ಹುಡುಕುತ್ತ ಬಾಗಿಲ ತನಕ ಬಂದರು. ಹತ್ತಿರದಿಂದ ಅವರ ಕೋಟಿನ ತೋಳು ತೇದುಹೋದದ್ದು ಕಾಣುತ್ತಿತ್ತು.

"ತಪ್ಪಾಯ್ತಮ್ಮಾ," ಎಂದರು.

ತಮ್ಮ ಕೋಲು ಇಳಿಸಿದ. ಅವಳು ತಿರುಗಿ ನೋಡಿದಳು. ಈ ಮಾತಿಗೆ ಅವಳು ಎಷ್ಟೋ ಉತ್ತರಗಳನ್ನು ಗುಡ್ಡದ ಮೇಲೆ ಕೂತು ಮಾಡಿಕೊಂಡಿದ್ದಳು, ಕೆಲವು ಬಿರುಸಿನವು, ಕೆಲವು ಮೆತ್ತಗಿನವು.

"ಯಾವುದಕ್ಕೆ ಮೇಷ್ಟ್ರೇ?"

"ಅದೇ... ನಾನು ಆಗ ಚಿಕ್ಕ ವಯಸ್ಸಿನವನು, ಸಿಟ್ಟು ಜಾಸ್ತಿ. ಆ ದಿನ ನಿನ್ನ ಬೆರಳ ಗಂಟಿನ ಮೇಲೆ ಅಷ್ಟು ಜೋರಾಗಿ ಹೊಡೀಬಾರದಿತ್ತು. ಬಾಸುಂಡೆ ಬಂದು ನೀನು ಅಳ್ತಾ ಇದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅದು ನನ್ನ ಮನಸ್ಸಲ್ಲಿ ಕೊರೀತಾನೇ ಇದೆ. ಕ್ಷಮಿಸಿಬಿಡು."

ಮುದುಕನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವಳು ಅದನ್ನು ನೋಡಿದಳು. ಯಾವುದೋ ಮಗು ಎಲ್ಲೋ ಅತ್ತಿತ್ತು, ಅದೂ ಸುಳ್ಳಲ್ಲ.

"ನನ್ನ ನೀವು ಹೊಡೀಲಿಲ್ಲ ಮೇಷ್ಟ್ರೇ," ಎಂದಳು. ದನಿ ಏರಿರಲಿಲ್ಲ. "ಹೊಡೆಸ್ಕೊಳ್ಳೋಕೆ ಒಳಗಿರ್ಬೇಕಲ್ಲ."

ಮೇಷ್ಟ್ರು ಊರುಗೋಲನ್ನು ಕೈ ಬದಲಿಸಿ ಹಿಡಿದರು.

"ಅದು ನಂದಲ್ಲ. ಬೇರೆ ಯಾರದೋ ಇರ್ಬೇಕು," ಎಂದಳು ಅವಳು. "ಬದುಕಿದ್ರೆ ಹುಡುಕಿ ಅವರಿಗೆ ಕೊಟ್ಬಿಡಿ. ನಾನು ಬೇರೆಯವರದ್ದು ತಗೊಳ್ಳೋಳಲ್ಲ."

"ಹಾಗಾದ್ರೆ ನಿನ್ನದು... ನಿನ್ನದು ಯಾವುದು?" ಅವರ ದನಿಯಲ್ಲಿ ಪರೀಕ್ಷೆಯ ದಿನ ಪಾಠ ಮರೆತ ಮಗುವಿನ ಗಾಬರಿ ಇತ್ತು. "ಹೇಳಮ್ಮಾ. ಹೇಳಿದ್ರೆ ನೆನಪಾಗುತ್ತೆ."

ತಮ್ಮ ಅಕ್ಕನ ಮುಖ ನೋಡಿದ. ಒಂದೇ ಮಾತು, ಯಾರೂ ಇಲ್ಲ ಎಂಬ ಎರಡು ಪದ, ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮುದುಕ ಅದಕ್ಕೂ ತಪ್ಪಾಯ್ತು ಅನ್ನುತ್ತಿದ್ದ, ಅಳುತ್ತಿದ್ದ, ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದ.

"ಯೋಚ್ನೆ ಮಾಡಿ ಮೇಷ್ಟ್ರೇ," ಎಂದಳು. "ನನಗೇನೂ ಅವಸರ ಇಲ್ಲ."

ಹಾಗೆಂದು ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು, ಹೊಸ್ತಿಲು ದಾಟಿ ಒಳಗೆ ಹೋದಳು. ನಾಲ್ಕು ಹೆಜ್ಜೆ ಹೋಗಿ ನಾಲಿಗೆಯಿಂದ ಲೊಚಗುಟ್ಟಿದಳು. ಹಿರಿ ಕುರಿ ಕಿವಿ ನಿಗುರಿಸಿ, ಒಂದು ಕಾಲಿಟ್ಟು, ಎರಡನೆಯದನ್ನು ಇಟ್ಟು, ಜಿಗಿದು ಒಳಗೆ ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಎಲ್ಲವೂ. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರಿಗೆ ಸರಿಯಲು ವ್ಯವಧಾನವೇ ಸಿಗಲಿಲ್ಲ. ಕುರಿಗಳು ಅವರ ಎರಡೂ ಬದಿಯಿಂದ, ಮೊಣಕಾಲುಗಳನ್ನು ಉಜ್ಜಿಕೊಂಡು ಒಳಗೆ ಹರಿದವು. ಅವರು ಊರುಗೋಲನ್ನು ಎದೆಗವಚಿಕೊಂಡು, ಇನ್ನೊಂದು ಕೈಯನ್ನು ಮೈಗೆ ತಾಗದಂತೆ ಮೇಲಕ್ಕೆತ್ತಿ, ನೀರಿನ ನಡುವಿನ ಕಂಬದ ಹಾಗೆ ನಿಂತಿದ್ದರು. ತುಟಿ ಅಲುಗುತ್ತಿತ್ತು. ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದರೇನೋ.

ಕೆಳಕ್ಕೆ ಹಾರಿದ್ದ ಮರಿಯನ್ನು ತಮ್ಮ ಎತ್ತಿ ತಂದು ಹೊಸ್ತಿಲ ಒಳಗೆ ಬಿಟ್ಟ. ಅದು ತಾಯಿಯನ್ನು ಹುಡುಕುತ್ತ ಕತ್ತಲಲ್ಲಿ ಸೇರಿಹೋಯಿತು.

"ಬಾಗಿಲು ಎಳ್ಕೊಳ್ಳಿ ಮೇಷ್ಟ್ರೇ," ಒಳಗಿನಿಂದ ಕಿಟಕಿಯಕ್ಕನ ದನಿ ಬಂತು. "ಮರಿಗಳಿಗೆ ಥಂಡಿ ತಾಗುತ್ತೆ."

ಮೇಷ್ಟ್ರು ಸುತ್ತ ನೋಡಿದರು. ಆಮೇಲೆ ಜಗಲಿಗೆ ಸರಿದು, ಊರುಗೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈಯಿಂದ ಕದ ಹಿಡಿದರು. ಮಳೆಗೆ ಉಬ್ಬಿದ ಕದ. ನೆಲಕ್ಕೆ ಉಜ್ಜುತ್ತ, ಸ್ವಲ್ಪ ಸ್ವಲ್ಪವೇ ಬಂತು.